ಹೊರದೇಶದ ವೈದ್ಯರು ಬಂದಾಗ: ರೋಗಿಗಳು ಮತ್ತು ಬಂಧುಗಳು ತಿಳಿದಿರಬೇಕಾದದ್ದು



"ಅಮೆರಿಕಾದಿಂದ ದೊಡ್ಡ ಡಾಕ್ಟರು ಬರುತ್ತಾರಂತೆ, ಅಲ್ಲಿಯವರೆಗೆ ನಮ್ಮಪ್ಪನ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಬಹುದೇ ಸ್ವಾಮಿ?" ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಿಂದ ರೋಗಿಯ ಜೊತೆ ಬರುವ ಬಂಧುಗಳು ಹೀಗೆ ಕೇಳುವುದುಂಟು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಬರುವವರಿಗಾಗಿ ಕಾಯುತ್ತಾ ಚಿಕಿತ್ಸೆಯನ್ನು ಮುಂದೂಡಬೇಡಿ. ಕಣ್ಣಿನ ಪೊರೆ ಅತಿಯಾಗಿ ಬಲಿತರೆ ಕಣ್ಣೊಳಗಿನ ಒತ್ತಡ ಏರಿ, ವಿಪರೀತ ನೋವು ಬಂದು, ದೃಷ್ಟಿ ಶಾಶ್ವತವಾಗಿ ಹೋಗುವ ಅಪಾಯವಿದೆ. ಆಮೇಲೆ ಯಾವ ದೇಶದ ವೈದ್ಯರು ಬಂದರೂ ಆ ದೃಷ್ಟಿಯನ್ನು ಮರಳಿ ತರಲಾಗದು.

ಹಾಗಾದರೆ ಹೊರದೇಶದ ತಜ್ಞರು ಬಂದು ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. ಅದು ಎಂಥ ಪ್ರಯೋಜನ ಎಂಬುದನ್ನು ತಿಳಿದುಕೊಳ್ಳಬೇಕು.

ನಮ್ಮ ಸೀಮೆಯಲ್ಲಿ ಕೊಳವೆಬಾವಿ ಕೊರೆಸದ ತೆಂಗಿನ ತೋಟ ಅಪರೂಪ. ತಮಿಳುನಾಡಿನ ರಿಗ್ ಲಾರಿ ರಾತ್ರಿ ಬರುತ್ತದೆ, ಬೆಳಗಾಗುವುದರೊಳಗೆ ಕೊರೆದು ಕೇಸಿಂಗ್ ಇಳಿಸಿ ಹೊರಟುಹೋಗುತ್ತದೆ. ಅವರಿಲ್ಲದೆ ನೀರಿಲ್ಲ, ನಿಜ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಮೋಟಾರ್ ಸುಟ್ಟಾಗ ಮರಗಳನ್ನು ಉಳಿಸುವವನು ನಮ್ಮೂರಿನ ರೀವೈಂಡಿಂಗ್ ಅಂಗಡಿಯವನೇ. ಅಲ್ಪಾವಧಿಗೆ ಬರುವ ತಜ್ಞರ ವಿಷಯವೂ ಹೀಗೆಯೇ. ಅವರು ಹೋದ ಮೇಲೆ ಇಲ್ಲಿಯವರ ಕೈಯಲ್ಲಿ ಏನು ಉಳಿಯಿತು ಎಂಬುದನ್ನೇ ನೋಡಬೇಕು.

ಬಡ ದೇಶಗಳಿಗೆ ತಮ್ಮ ವಿದ್ಯೆಯನ್ನು ಕೊಟ್ಟುಬರುವ ಪದ್ಧತಿ ಹೊಸದಲ್ಲ. ಅಮೆರಿಕ 1961ರಲ್ಲಿ ಆರಂಭಿಸಿದ ಪೀಸ್ ಕೋರ್‌ನ ಸ್ವಯಂಸೇವಕರು 1976ರವರೆಗೆ ಭಾರತದಲ್ಲಿ, ಅಂದಿನ ಮೈಸೂರು ರಾಜ್ಯದಲ್ಲೂ ಕೆಲಸ ಮಾಡಿದರು. ಹೊರದೇಶದಲ್ಲಿ ನೆಲೆಸಿದ ತಜ್ಞರನ್ನು ಕೆಲವು ವಾರಗಳ ಮಟ್ಟಿಗೆ ತಾಯ್ನಾಡಿಗೆ ಕರೆಸುವ ಯೋಜನೆಯನ್ನು ವಿಶ್ವಸಂಸ್ಥೆಯು 1977ರಲ್ಲಿ ಟರ್ಕಿಯಿಂದ ಆರಂಭಿಸಿತು. ಇವೆಲ್ಲಕ್ಕಿಂತ ನಮ್ಮ ಹಿರಿಯರ ಮೈಮೇಲೇ ಗುರುತು ಉಳಿದಿರುವ ಉದಾಹರಣೆ ಒಂದಿದೆ. ಅದು ಸಿಡುಬು.

ಅರವತ್ತು ದಾಟಿದವರ ತೋಳಿನಲ್ಲಿ ದುಂಡನೆಯ ಲಸಿಕೆ ಕಲೆ ಇರುವುದನ್ನು ನೋಡಿರುತ್ತೀರಿ. 1974ರಲ್ಲಿ ಭಾರತದಲ್ಲಿ ಸುಮಾರು 1,88,000 ಜನರಿಗೆ ಸಿಡುಬು ತಗುಲಿ, 31,000ಕ್ಕೂ ಹೆಚ್ಚು ಮಂದಿ ತೀರಿಹೋದರು. ಬಿಹಾರದಲ್ಲಿ ಪರಿಸ್ಥಿತಿ ಅತ್ಯಂತ ಕೆಟ್ಟದಾಗಿತ್ತು. ಆಗ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅನೇಕ ದೇಶಗಳ ಸಾಂಕ್ರಾಮಿಕ ರೋಗ ತಜ್ಞರು ಭಾರತಕ್ಕೆ ಬಂದರು. ಹೆಚ್ಚಿನವರಿಗೆ ಸಿಕ್ಕಿದ್ದು ಸುಮಾರು ಮೂರು ತಿಂಗಳ ಅವಧಿ. ಒಂದು ಜೀಪು, ಚಾಲಕ, ಜೊತೆಗೆ ನಮ್ಮವರೇ ಆದ ಆರೋಗ್ಯ ಸಹಾಯಕರು. ಊರಿಗೆಲ್ಲ ಲಸಿಕೆ ಹಾಕುತ್ತಾ ಕೂರುವ ಬದಲು, ರೋಗಿಯನ್ನು ಬೇಗ ಪತ್ತೆಹಚ್ಚಿ ಅವನ ಸುತ್ತಮುತ್ತಲಿನವರಿಗೆಲ್ಲ ಲಸಿಕೆ ಹಾಕಿ ರೋಗಕ್ಕೆ ಬೇಲಿ ಕಟ್ಟುವುದು ಅವರ ವಿಧಾನ. ಸಿಡುಬಿನ ಮಗುವಿನ ಚಿತ್ರವಿದ್ದ ಕಾರ್ಡನ್ನು ಸಂತೆಯಲ್ಲಿ, ಶಾಲೆಯಲ್ಲಿ ತೋರಿಸಿ, "ಇಂಥವರು ಯಾರಾದರೂ ಇದ್ದಾರೆಯೇ?" ಎಂದು ಕೇಳುತ್ತಿದ್ದರು. ರೋಗದ ಸುದ್ದಿ ಕೊಟ್ಟವರಿಗೆ ಬಹುಮಾನವಿತ್ತು. 1975ರಲ್ಲಿ ಅದು ಸಾವಿರ ರೂಪಾಯಿಗೆ ಏರಿತು. 1975ರ ಮೇ ತಿಂಗಳ ನಂತರ ದೇಶದಲ್ಲಿ ಒಂದು ಪ್ರಕರಣವೂ ಕಾಣಲಿಲ್ಲ. 1977ರ ಏಪ್ರಿಲ್‌ನಲ್ಲಿ ಭಾರತ ಸಿಡುಬು ಮುಕ್ತವೆಂದು ಘೋಷಿತವಾಯಿತು.

ಇದನ್ನು ವಿದೇಶಿಯರೇ ಮಾಡಿದರು ಎಂದರೆ ಸುಳ್ಳಾಗುತ್ತದೆ. ಮನೆಮನೆ ತಿರುಗಿದವರು ಅಸಂಖ್ಯ ಭಾರತೀಯ ಆರೋಗ್ಯ ಕಾರ್ಯಕರ್ತರು. ಅವಸರದಲ್ಲಿ ಬೇಡವೆಂದವರಿಗೂ ಬಲವಂತವಾಗಿ ಚುಚ್ಚಿದ ಘಟನೆಗಳು ನಡೆದವು. ಸಿಡುಬನ್ನು 'ಅಮ್ಮ' ಎಂದು ಕರೆದು ತಣ್ಣಗೆ ಪೂಜಿಸುವ ಜನರ ಮನಸ್ಸು ಮೂರು ತಿಂಗಳಿಗೆ ಬಂದವರಿಗೆ ಹೇಗೆ ಅರ್ಥವಾದೀತು? ಇಲ್ಲಿಯವರು ಪಕ್ಕದಲ್ಲಿ ನಿಂತು ತಿಳಿಹೇಳಿದ ಕಡೆ ಕೆಲಸ ಸುಸೂತ್ರವಾಗಿ ನಡೆಯಿತು.

ಸಿಡುಬಿನ ಕೆಲಸದಲ್ಲಿದ್ದ ಅಮೆರಿಕದ ವೈದ್ಯ ಲ್ಯಾರಿ ಬ್ರಿಲಿಯಂಟ್ ಮತ್ತು ಅವರ ಗೆಳೆಯರು 1978ರಲ್ಲಿ ಸೇವಾ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿದರು. ಅವರ ಗಮನ ಕುರುಡುತನದ ಕಡೆ ತಿರುಗಿತು. ಇತ್ತ ಮಧುರೈನಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾಗಿ, 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆ ತೆರೆದಿದ್ದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಕೈಯಿಂದಲೇ ಸಾವಿರಾರು ಕಣ್ಣುಗಳ ಶಸ್ತ್ರಚಿಕಿತ್ಸೆ ಮಾಡಿದವರು ಅವರು.

ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕವೇ ಗತಿ. ನಮ್ಮ ರಾಜ್ಯದ ಡಾ. ಎಂ. ಸಿ. ಮೋದಿಯವರ (1916–2005) ಶಿಬಿರಗಳಲ್ಲಿ ಆಪರೇಷನ್ ಮಾಡಿಸಿಕೊಂಡ ಹಿರಿಯರು ಅಂಥ ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಕನ್ನಡಕ ಒಡೆದರೆ ಮತ್ತೆ ಕತ್ತಲೆ. ಕಣ್ಣೊಳಗೇ ಲೆನ್ಸ್ ಕೂರಿಸುವ ವಿಧಾನ ಹೊರದೇಶಗಳಲ್ಲಿ ಬಂದಿತ್ತು, ಆದರೆ ಒಂದು ಲೆನ್ಸಿಗೆ ಸುಮಾರು ನೂರು ಡಾಲರ್. ಬಡವರಿಗೆ ಎಲ್ಲಿಂದ ತರುವುದು? ಪ್ರತಿ ವರ್ಷ ದಾನವಾಗಿ ಲೆನ್ಸ್ ಕಳಿಸುತ್ತಾ ಇರಬಹುದಿತ್ತು. ಸೇವಾ ಸಂಸ್ಥೆಯ ಡೇವಿಡ್ ಗ್ರೀನ್ ಎಂಬ ಅಮೆರಿಕನ್ನರು, ಇವರು ವೈದ್ಯರಲ್ಲ, ಲೆನ್ಸ್ ತಯಾರಿಸುವ ವಿದ್ಯೆಯನ್ನೇ ಮಧುರೈಗೆ ತರಲು ನೆರವಾದರು. 1992ರಲ್ಲಿ ಆರೋಲ್ಯಾಬ್ ಕಾರ್ಖಾನೆ ಆರಂಭವಾಯಿತು. ಲೆನ್ಸಿನ ಬೆಲೆ ಸುಮಾರು ಹತ್ತು ಡಾಲರಿಗೆ, ಆಮೇಲೆ ಇನ್ನೂ ಕೆಳಕ್ಕೆ ಇಳಿಯಿತು. ಇಂದು ಅಲ್ಲಿನ ಲೆನ್ಸುಗಳು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ. ಹೊರದೇಶದ ವೈದ್ಯರೇ ಮಧುರೈಗೆ ಕಲಿಯಲು ಬರುತ್ತಾರೆ. ಧರ್ಮಾರ್ಥ ಶಿಬಿರಗಳಲ್ಲಿ ಲೆನ್ಸ್ ಹಾಕಲು ಸಾಧ್ಯವಾಗಿರುವುದಕ್ಕೆ ಈ ಬೆಲೆ ಇಳಿಕೆಯೂ ಒಂದು ಕಾರಣ.

ಸೀಳುತುಟಿಯ ವಿಷಯದಲ್ಲೂ ಇಂಥದೇ ಪಾಠ ಸಿಕ್ಕಿತು. ಗರ್ಭಿಣಿ ಗ್ರಹಣದ ಹೊತ್ತಿನಲ್ಲಿ ಏನನ್ನೋ ಕತ್ತರಿಸಿದ್ದರಿಂದ ಮಗುವಿನ ತುಟಿ ಸೀಳಿತು ಎಂಬ ಮಾತನ್ನು ನಂಬಬೇಡಿ, ತಾಯಿಯನ್ನು ದೂರಬೇಡಿ. 1982ರಲ್ಲಿ ಆರಂಭವಾದ ಆಪರೇಷನ್ ಸ್ಮೈಲ್‌ನಂಥ ಸಂಸ್ಥೆಗಳು ವೈದ್ಯರ ತಂಡಗಳನ್ನು ದೇಶದೇಶಗಳಿಗೆ ಕಳಿಸುತ್ತಾ ಬಂದವು. 1999ರಲ್ಲಿ ಹುಟ್ಟಿದ ಸ್ಮೈಲ್ ಟ್ರೈನ್ ಬೇರೆ ದಾರಿ ಹಿಡಿದು, ಆಯಾ ದೇಶದ ವೈದ್ಯರಿಗೇ ತರಬೇತಿ ಮತ್ತು ಹಣ ಒದಗಿಸಿತು. ಎರಡನೆಯ ದಾರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಈ ತೊಂದರೆ ಒಂದು ದಿನದ ಹೊಲಿಗೆಯಿಂದ ಮುಗಿಯುವಂಥದ್ದಲ್ಲ. ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ತುಟಿ, 9ರಿಂದ 18 ತಿಂಗಳೊಳಗೆ ಅಂಗುಳ ಸರಿಪಡಿಸುತ್ತಾರೆ. ನಂತರ ಕಿವಿ, ಹಲ್ಲು, ವಸಡಿನ ಮೂಳೆ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮಾತು. ಮಗು 'ಅಪ್ಪ' 'ಅಕ್ಕ' ಎಂದು ಸ್ಪಷ್ಟವಾಗಿ ಹೇಳಲು ಕನ್ನಡ ಬಲ್ಲವರೇ ಕಲಿಸಬೇಕು, ಅದೂ ತಿಂಗಳುಗಟ್ಟಲೆ. ಇದಕ್ಕೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರದ ದೊಡ್ಡ ಆಸರೆ. ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿಯೂ (2013ರಿಂದ) ಸೀಳುತುಟಿಗೆ ಉಚಿತ ಚಿಕಿತ್ಸೆ ಇದೆ.

ಈ ಭಾಗದ ಅನೇಕ ಮನೆಗಳ ಮಕ್ಕಳು ಇಂದು ಹೊರದೇಶಗಳಲ್ಲಿ ವೈದ್ಯರು, ನರ್ಸ್‌ಗಳು, ಇಂಜಿನಿಯರ್‌ಗಳು. ರಜೆಗೆ ಬಂದಾಗ ಊರಿಗೆ ಏನಾದರೂ ಮಾಡಬೇಕೆಂಬ ಆಸೆ ಅವರಿಗಿರುತ್ತದೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಈ ಮಾತು ತಿಳಿಸಿ: ಹತ್ತು ದಿನದಲ್ಲಿ ನೂರು ರೋಗಿಗಳನ್ನು ನೋಡುವುದಕ್ಕಿಂತ, ಹುಟ್ಟಿದ ಕೂಡಲೇ ಉಸಿರಾಡದ ಕೂಸನ್ನು ಉಳಿಸುವ ಕ್ರಮವನ್ನು ಹತ್ತು ನರ್ಸ್‌ಗಳಿಗೆ ಕೈಹಿಡಿದು ಕಲಿಸಿದರೆ ಹೆಚ್ಚು ಉಪಕಾರ. ಸೂಟ್‌ಕೇಸಿನಲ್ಲಿ ಉಳಿಕೆ ಔಷಧಿ ತುಂಬಿ ತರುವುದು ಬೇಡ. ದಾನದ ಔಷಧಿಗೆ ತಲುಪಿದ ದಿನದಿಂದ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅಮೆರಿಕದ 110 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಪಂಪ್‌ಸೆಟ್ ಇರುವ ರೈತರಿಗೆ ನಾವು ವಿವರಿಸಬೇಕಾಗಿಲ್ಲ! ಇನ್ನೊಂದು ಮಾತು. ಹೊರದೇಶದ ಪ್ರಜೆಯಾಗಿರುವ ವೈದ್ಯರು ಇಲ್ಲಿ ಚಿಕಿತ್ಸೆ ಕೊಡಲು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯಂತೆ ತಾತ್ಕಾಲಿಕ ನೋಂದಣಿ ಪಡೆದಿರಬೇಕು. ಧರ್ಮಾರ್ಥ ಶಿಬಿರವೆಂದ ಮಾತ್ರಕ್ಕೆ ಇದರಿಂದ ವಿನಾಯಿತಿ ಇಲ್ಲವೆಂದು ತಿಳಿಯಿರಿ.

ಯಾವ ಶಿಬಿರಕ್ಕೇ ಹೋಗಿ, ಉಚಿತವೆಂದು ಸಂಕೋಚಪಡದೆ ಕೇಳಬೇಕಾದದ್ದನ್ನು ಕೇಳಿ. ಆಪರೇಷನ್ ಮಾಡುವವರು ಯಾರು? ಅವರು ಊರಿಗೆ ಮರಳಿದ ಮೇಲೆ ನನ್ನನ್ನು ನೋಡುವವರು ಯಾರು? ರಾತ್ರಿ ನೋವು ಬಂದರೆ ಎಲ್ಲಿಗೆ ಬರಬೇಕು? ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿದ ನಂತರವೇ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಅಲ್ಲಿ ಮಾಡಿಸಿಕೊಳ್ಳುವುದು ಬೇಡ.

ಪೊರೆಯ ಆಪರೇಷನ್ ಆದವರು ಹನಿ ಔಷಧಿಯನ್ನು ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಬಿಡದೆ ಹಾಕಬೇಕು. ಹಾಕುವವರು ಮೊದಲು ಸೋಪಿನಿಂದ ಕೈ ತೊಳೆಯಲಿ. ಹರಳೆಣ್ಣೆ, ಎದೆಹಾಲು ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಕಾಯಿ ಸುಲಿಯುವುದು, ಕೊಬ್ಬರಿ ಮೂಟೆ ಎತ್ತುವುದು, ಅಟ್ಟದ ಧೂಳಿನಲ್ಲಿ ಕೆಲಸ ಮಾಡುವುದು ವೈದ್ಯರು ಹೇಳುವವರೆಗೆ ಬೇಡ. ಕಣ್ಣು ಕೆಂಪಾಗಿ ನೋವು ಹೆಚ್ಚಿದರೆ, ಕೀವು ಬಂದರೆ ಅಥವಾ ನಿನ್ನೆ ಕಂಡದ್ದು ಇಂದು ಮಸುಕಾದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಹಬ್ಬ ಕಳೆಯಲಿ, ಭಾನುವಾರ ಕಳೆಯಲಿ ಎಂದು ಕೂರಬೇಡಿ. ಬಿಡುಗಡೆ ಚೀಟಿಯ ಮೇಲೆ ಲೆನ್ಸಿನ ಸಂಖ್ಯೆ ಮತ್ತು ಪವರ್ ಇರುವ ಸಣ್ಣ ಲೇಬಲ್ ಅಂಟಿಸಿದ್ದಾರೆಯೇ ನೋಡಿಕೊಳ್ಳಿ. ಆಪರೇಷನ್ ಮಾಡಿದವರು ಎಷ್ಟೇ ದೂರದಲ್ಲಿದ್ದರೂ, ಆ ಚೀಟಿ ಕೈಯಲ್ಲಿದ್ದರೆ ಮುಂದೆ ನೋಡುವ ಯಾವ ವೈದ್ಯರಿಗೂ ನಿಮ್ಮ ಕಣ್ಣಿಗೆ ಏನು ಹಾಕಲಾಗಿದೆ ಎಂಬುದು ತಿಳಿಯುತ್ತದೆ.