ಬುಕನನ್ನನ ಪ್ರವಾಸಗ್ರಂಥದ ಪುನರ್ವಾಚನ

1799ರಲ್ಲಿ ಟೀಪೂ ಸುಲ್ತಾನನು ಮಡಿದು, ಮೈಸೂರಿನ ಸಿಂಹಾಸನವು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ, ಕೆನರಾ ಕರಾವಳಿಯು ಈಸ್ಟ್ ಇಂಡಿಯಾ ಕಂಪನಿಗೂ ಸೇರಿದ ಮರುವರ್ಷವೇ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞಾನುಸಾರವಾಗಿ ಮದರಾಸಿನಿಂದ ಹೊರಟ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ನನ ಸಂಚಾರವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ರಾಗಿಯ ಬೇಸಾಯಕ್ರಮ, ಕೆರೆಗಳ ಸ್ಥಿತಿ, ಬೆಂಗಳೂರಿನ ದೇವಾಂಗ, ಪಟ್ಟೇಗಾರ, ಖತ್ರಿ ಮೊದಲಾದ ನೇಕಾರರ ವೃತ್ತಿ, ಇವೆಲ್ಲವನ್ನೂ ಆತನು ಅಸಾಧಾರಣ ಶ್ರದ್ಧೆಯಿಂದ ದಾಖಲಿಸಿರುವನಾದರೂ, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿಗಳನ್ನು ವಿಶೇಷವಾಗಿ ಪರಿಶೀಲಿಸಬೇಕೆಂಬ ವೆಲ್ಲೆಸ್ಲಿಯ ಸೂಚನೆಯನ್ನು ನೆನೆದಾಗ, ಈ ಜ್ಞಾನಸಂಗ್ರಹದ ಹಿಂದಿದ್ದ ವಾಣಿಜ್ಯದೃಷ್ಟಿಯು ಸ್ಪಷ್ಟವಾಗುತ್ತದೆ.

ಟೀಪುವಿನ ಆಡಳಿತವನ್ನು ಕಟುವಾಗಿ ನಿಂದಿಸುವ ಲೇಖನಿಯೇ, ಕಂಪನಿಯ ಮಿತ್ರಪಕ್ಷದಲ್ಲಿದ್ದ ಪರಶುರಾಮ ಭಾವುವಿನ ಮರಾಠಾ ಸೈನ್ಯದಿಂದ ಹಾಳಾದ ಊರುಗಳನ್ನೂ ಮರೆಮಾಚದೆ ಹೇಳುವುದರಿಂದ, ಗ್ರಂಥವು ತನ್ನ ಪೋಷಕರ ಪ್ರಯೋಜನವನ್ನು ಮೀರಿ ಸಾಕ್ಷಿ ನುಡಿಯುತ್ತದೆ. ಆದರೂ ಹೊಸ ದೊರೆಗಳ ಕಡೆಯವನು ದುಭಾಷಿಯ ಮೂಲಕ ಇಳುವರಿಯ ಲೆಕ್ಕವನ್ನು ಕೇಳಿದಾಗ, ಕಂದಾಯದ ಭಯವಿದ್ದ ರೈತನು ಇದ್ದುದನ್ನೆಲ್ಲ ಇದ್ದಂತೆಯೇ ಹೇಳಿದನೆಂದು ನಂಬುವುದು ವಿವೇಕವಲ್ಲ.

ಆದುದರಿಂದ ಕನ್ನಡ ನಾಡಿನ ಚರಿತ್ರೆಯನ್ನು ಅರಿಯಬಯಸುವವರು ಬುಕನನ್ನನನ್ನು ಅವಶ್ಯವಾಗಿ ಓದಬೇಕು. ಓದುವಾಗ ಆತನು ಯಾರ ಸೇವಕನೆಂಬುದನ್ನು ಮಾತ್ರ ಮರೆಯಬಾರದು.