ಉಣ್ಣಿಗಳ ನೆಲೆ

ಹಸುವಿನ ಕೆಚ್ಚಲ ಬುಡದಲ್ಲಾಗಲಿ, ನಾಯಿಯ ಕಿವಿಯ ಮಡಿಕೆಯಲ್ಲಾಗಲಿ ಕಚ್ಚಿಕೊಂಡಿರುವ ಉಣ್ಣಿಯನ್ನು ಕಾಣದವರು ನಮ್ಮಲ್ಲಿ ಬಹಳ ಮಂದಿ ಇರಲಾರರು. ರಕ್ತವನ್ನು ಹೀರಿ ಉಬ್ಬಿದಾಗ ಅದು ಹರಳಿನ ಬೀಜದಂತೆಯೇ ತೋರುವುದು. ಹರಳು ಗಿಡಕ್ಕೆ ಲ್ಯಾಟಿನ್ ಭಾಷೆಯಲ್ಲಿ ಬಂದಿರುವ ‘ರಿಸಿನಸ್’ ಎಂಬ ಹೆಸರಿಗೆ ಉಣ್ಣಿಯೆಂದೇ ಅರ್ಥ. ಇಂಥ ಅಲ್ಪಪ್ರಾಣಿಯ ವಿಚಾರವನ್ನು ಪಟ್ಟಣವಾಸಿಗಳ ಮುಂದೆ ಏಕೆ ತರಬೇಕೆಂದು ಶ್ರೋತೃಗಳು ಕೇಳಬಹುದು. ಬೆಳಗಾಗುತ್ತಲೇ ಬೆಂಗಳೂರಿನ ಮನೆಗಳನ್ನು ಸೇರುವ ಹಾಲಿನಲ್ಲಿ ಒಂದು ಪಾಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಕೊಟ್ಟಿಗೆಗಳಿಂದ ಬರತಕ್ಕದ್ದು. ಆ ಕೊಟ್ಟಿಗೆಗಳ ಹಸುಗಳು ಬದುಕುವುದಕ್ಕೂ ಕೆಡುವುದಕ್ಕೂ ಉಣ್ಣಿಗೂ ಹತ್ತಿರದ ಸಂಬಂಧವುಂಟು.

ಉಣ್ಣಿಗಳೆಲ್ಲವೂ ಒಂದೇ ಜಾತಿಯವಲ್ಲ. ಎಲ್ಲ ಜಾತಿಗಳೂ ಎಲ್ಲ ಕಡೆಯಲ್ಲಿಯೂ ಇರುವುದಿಲ್ಲ. ಹುಲ್ಲುಗಾವಲಿನಲ್ಲಿ ಒಂದು, ಕೊಟ್ಟಿಗೆಯ ಗೋಡೆಯಲ್ಲಿ ಇನ್ನೊಂದು, ಕಾಡಿನ ತರಗೆಲೆಯಲ್ಲಿ ಮತ್ತೊಂದು, ಹೀಗೆ ಒಂದೊಂದಕ್ಕೂ ಒಂದೊಂದು ನೆಲೆ. ಆ ನೆಲೆಯನ್ನು ಗೊತ್ತುಮಾಡುವ ಕಾರಣಗಳು ಮುಖ್ಯವಾಗಿ ಮೂರು: ಗಾಳಿಯ ತೇವ, ರಕ್ತವನ್ನೀಯುವ ಪ್ರಾಣಿ, ಮನುಷ್ಯನ ನಡೆವಳಿ. ಮೊದಲಿನ ಎರಡು ನಮ್ಮ ಮಾತನ್ನು ಕೇಳುವಂಥವಲ್ಲ. ಮೂರನೆಯದು ನಮ್ಮ ಕೈಯಲ್ಲಿಯೇ ಇದೆ.

ಮೊದಲು ತೇವದ ವಿಚಾರ. ಉಣ್ಣಿಯು ಕೀಟವಲ್ಲ, ಜೇಡ, ಚೇಳುಗಳ ವರ್ಗಕ್ಕೆ ಸೇರಿದುದು. ಬೆಳೆದ ಉಣ್ಣಿಗೆ ಎಂಟು ಕಾಲುಗಳು. ಮೊಟ್ಟೆಯಿಂದ ಹೊರಬಂದ ಮರಿಗೆ ಮಾತ್ರ ಆರು. ಮರಿ, ಎಳೆಯದು, ಬೆಳೆದುದು ಎಂಬ ಮೂರು ಅವಸ್ಥೆಗಳಲ್ಲಿಯೂ ಅದಕ್ಕೆ ರಕ್ತವೇ ಆಹಾರ. ಆದರೆ ಪ್ರಾಣಿಯ ಮೈಮೇಲೆ ಅದು ಕಳೆಯುವ ಕಾಲ ಅನೇಕ ಜಾತಿಗಳಲ್ಲಿ ಕೆಲವೇ ದಿನ. ಮಿಕ್ಕ ತಿಂಗಳುಗಳೆಲ್ಲ ನೆಲದ ಮೇಲೆ ಹಸಿದು ಕಾಯುವುದರಲ್ಲಿಯೇ ಕಳೆಯುವುವು. ಹಸಿವನ್ನು ಅದು ಬಹುಕಾಲ ತಾಳಬಲ್ಲುದು, ಬಾಯಾರಿಕೆಯನ್ನು ತಾಳಲಾರದು. ನೀರನ್ನು ಕುಡಿಯುವುದರ ಬದಲಾಗಿ ಗಾಳಿಯಲ್ಲಿರುವ ಆವಿಯನ್ನು ಬಾಯಿಯ ಜೊಲ್ಲಿನಿಂದ ಹಿಡಿದು ಒಳಕ್ಕೆ ಎಳೆದುಕೊಳ್ಳುವುದು ಇದರ ಉಪಾಯ. ಗಾಳಿಯ ತೇವ ನೂರಕ್ಕೆ 80ರ ಆಸುಪಾಸಿನಲ್ಲಿದ್ದರೆ ಹೆಚ್ಚಿನ ಜಾತಿಗಳಿಗೆ ಇದು ಸಾಧ್ಯ. ಆದುದರಿಂದ ಹುಲ್ಲಿನ ತುದಿಗೆ ಹತ್ತಿ, ಮುಂಗಾಲುಗಳನ್ನು ಚಾಚಿ, ದನದ ಉಸಿರನ್ನೂ ಬಿಸಿಯನ್ನೂ ಅರಸುತ್ತಿರುವ ಉಣ್ಣಿಯ ಮರಿ ಮೈ ಒಣಗಿತೆಂದರೆ ಕೆಳಗಿಳಿದು ತರಗಿನ ತಂಪನ್ನು ಸೇರಲೇಬೇಕು. ತರಗೂ ನೆರಳೂ ಇಲ್ಲದ ಕಡೆಯಲ್ಲಿ ಅದಕ್ಕೆ ಉಳಿವಿಲ್ಲ.

ಈ ದೃಷ್ಟಿಯಿಂದ ನಮ್ಮ ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ಅವು ಬಯಲುಸೀಮೆಯ ಒಣನೆಲಗಳೇ ಸರಿ. ವರ್ಷಕ್ಕೆ 800, 900 ಮಿಲಿಮೀಟರುಗಳಷ್ಟು ಮಳೆ; ಬೇಸಗೆಯಲ್ಲಿ ಕಾದ ಬಂಡೆಗಳು. ಆದರೂ ಈ ಒಣನೆಲದೊಳಗೆ ತಂಪಿನ ತಾವುಗಳುಂಟು. ಅರ್ಕಾವತಿ, ಕಣ್ವ ಹೊಳೆಗಳ ದಡ, ಕೆರೆಯ ಹಿಂದಣ ತೋಟ, ಸಾವನದುರ್ಗದ ಬುಡದ ಕಾಡು, ಕನಕಪುರದ ದಕ್ಷಿಣಕ್ಕೆ ಕಾವೇರಿಯ ಕಡೆಗೆ ಇಳಿಯುವ ಅರಣ್ಯ ಇವೆಲ್ಲ ಅಂಥವು. ಹೀಗಿರುವುದರಿಂದ ಉಣ್ಣಿಯ ನಕ್ಷೆಯನ್ನು ಬರೆಯುವವನು ತಾಲ್ಲೂಕಿನ ಎಲ್ಲೆಯನ್ನು ಹಿಡಿದು ಹೊರಟರೆ ಸಾಲದು. ಒಂದೇ ಊರಿನೊಳಗೆ ನಾಲ್ಕು ನೆಲೆಗಳನ್ನು ಗುರುತಿಸಬೇಕಾಗುವುದು.

ಮೊದಲನೆಯದು ಗೋಮಾಳ. ದನಗಳ ನೀಲಿ ಉಣ್ಣಿ, ಅಂದರೆ ಶಾಸ್ತ್ರಜ್ಞರು ಮೊದಲು ಬೂಫಿಲಸ್ ಎಂದು ಕರೆದು ಈಗ ರಿಪಿಸೆಫಾಲಸ್ ಮೈಕ್ರೋಪ್ಲಸ್ ಎಂದು ಹೇಳುವ ಜಾತಿ, ಇಲ್ಲಿಯದು. ಇದು ಮೂರು ಅವಸ್ಥೆಗಳನ್ನೂ ಒಂದೇ ಹಸುವಿನ ಮೇಲೆ ಸುಮಾರು ಮೂರು ವಾರಗಳಲ್ಲಿ ಮುಗಿಸಿ ನೆಲಕ್ಕೆ ಬಿದ್ದು, ಎರಡು ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುವುದು. ಮಳೆಗಾಲದಲ್ಲಿಯೂ ಅದರ ಬೆನ್ನಿಗೂ ಇದು ಹೆಚ್ಚು. ಎರಡನೆಯದು ಕೊಟ್ಟಿಗೆ. ಹಯಲೊಮ್ಮ ಜಾತಿಯ ಉಣ್ಣಿಗಳ ಹೊರಮೈ ಶುಷ್ಕತೆಯನ್ನು ತಡೆಯಬಲ್ಲುದು. ಅವುಗಳಲ್ಲಿ ಅನಟೋಲಿಕಮ್ ಎಂಬುದು ಗೋಡೆಯ ಬಿರುಕುಗಳಲ್ಲಿ ಅಡಗಿ ಪೊರೆ ಕಳಚುವುದು. ಆದುದರಿಂದ ಹೊರಗೆ ಎಷ್ಟೇ ಬಿಸಿಲಿದ್ದರೂ ಅದಕ್ಕೆ ಬಾಧಕವಿಲ್ಲ. ಮೂರನೆಯದು ನಮ್ಮ ಮನೆ. ನಾಯಿಯ ಕಂದು ಉಣ್ಣಿ ಗೋಡೆಯನ್ನು ಹತ್ತಿ ಚಾವಣಿಯ ಸಂದಿನಲ್ಲಿ ಮೊಟ್ಟೆಯಿಡುವುದರಿಂದ ಮಳೆ ಬಿಸಿಲುಗಳ ಹಂಗೇ ಅದಕ್ಕಿಲ್ಲ; ಬೆಚ್ಚನೆಯ ದೇಶಗಳ ಪಟ್ಟಣಗಳಲ್ಲೆಲ್ಲ ಅದು ಹರಡಿಕೊಂಡಿರುವುದಕ್ಕೆ ಇದೇ ಕಾರಣ.

ನಾಲ್ಕನೆಯದು ಕಾಡಿನಂಚು. ಹೀಮಾಫೈಸಾಲಿಸ್ ಕುಲದ ಉಣ್ಣಿಗಳ ಸೀಮೆಯಿದು. ಇವುಗಳ ಮರಿಗಳು ಇಲಿ, ಅಳಿಲು, ನೆಲದ ಹಕ್ಕಿ, ಮಂಗಗಳ ರಕ್ತವನ್ನೂ, ಬೆಳೆದವು ಕಡವೆ, ಕಾಟಿ, ದನಗಳ ರಕ್ತವನ್ನೂ ಹೀರುವುವು. ಒಂದೊಂದು ಅವಸ್ಥೆಗೂ ಬೇರೆ ಪ್ರಾಣಿ ಬೇಕಾದುದರಿಂದ, ಚಿಕ್ಕ ಪ್ರಾಣಿಯೂ ದೊಡ್ಡ ಪ್ರಾಣಿಯೂ ಒಂದೆಡೆ ಕೂಡುವ ತೇವದ ನೆಲವೇ ಇವುಗಳಿಗೆ ಯೋಗ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಣ ಹಳ್ಳಿಗರು ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಆ ರೋಗದ ಬೀಜವನ್ನು ಈ ಕುಲದ ಸ್ಪಿನಿಜೆರಾ ಎಂಬ ಉಣ್ಣಿಯಲ್ಲಿ ಕಂಡರು. ಮಂಗನ ಕಾಯಿಲೆಯೆಂದು ಮಲೆನಾಡು ಅಂಜುವುದು ಇದಕ್ಕೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಜನರು ಸೊಪ್ಪು ಸೌದೆಗಳಿಗೆಂದು ಕಾಡಿಗೆ ಹೋಗುವ ಕಾಲದಲ್ಲಿಯೇ, ಇದರ ಎಳೆಯವು ಹೆಚ್ಚಾಗಿ ಸಂಚರಿಸುವುವು.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಸ್ಪಿನಿಜೆರಾ ಉಣ್ಣಿ ಭಾರತದ ಅನೇಕ ಕಾಡುಗಳಲ್ಲಿಯೂ ಸಿಂಹಳದಲ್ಲಿಯೂ ಉಂಟು. ರೋಗವಾದರೋ ಅಲ್ಲೆಲ್ಲ ಇಲ್ಲ. ಉಣ್ಣಿಯಿದ್ದ ಮಾತ್ರಕ್ಕೆ ರೋಗವಿದೆಯೆನ್ನುವುದು ತಪ್ಪು. ಹಾಗೆಂದು ರೋಗವು ಮಲೆನಾಡಿಗೇ ಕಟ್ಟುಬಿದ್ದುದೆಂದು ನಿಶ್ಚಿಂತರಾಗಿರುವುದೂ ತಪ್ಪು. 2012ರ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಅದು ಕಾಣಿಸಿಕೊಂಡಿತು. ಅದು ಎಲೆಯುದುರುವ ಒಣಕಾಡು. ಅಲ್ಲಿಂದ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಡೆಯಾಗಿ ಕನಕಪುರದ ಕಾವೇರಿ ತೀರದವರೆಗೆ ಕಾಡಿನ ಸಂಬಂಧ ಹಬ್ಬಿಕೊಂಡಿದೆ. ಇದರಿಂದ ಕನಕಪುರಕ್ಕೆ ರೋಗ ಬಂದೇ ಬರುವುದೆಂದು ಹೇಳಿದಂತಾಗದು. ಕಾಡಿನಂಚಿನವರು ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಕೂಡಲೇ ಆರೋಗ್ಯ ಇಲಾಖೆಯವರಿಗೂ ಅರಣ್ಯ ಇಲಾಖೆಯವರಿಗೂ ತಿಳಿಸುವುದು ವಿವೇಕವೆಂದಷ್ಟೇ ಅರ್ಥ.

ಇನ್ನು ಮೂರನೆಯ ಕಾರಣ, ಮನುಷ್ಯನ ನಡೆವಳಿ. ಉಣ್ಣಿ ತಾನಾಗಿ ನಡೆಯುವುದು ಕೆಲವು ಮಾರುಗಳ ದೂರ. ದೂರದ ಪ್ರಯಾಣವನ್ನೆಲ್ಲ ಅದು ದನದ ಮೈಮೇಲೆ ಕುಳಿತೇ ಮಾಡಬೇಕು. 1872ರಲ್ಲಿ ಜಾವಾ ದ್ವೀಪದ ಬಟೇವಿಯಾದಿಂದ ಹಡಗಿನಲ್ಲಿ ತಂದ ದನಗಳೊಡನೆ ದನದ ಉಣ್ಣಿ ಆಸ್ಟ್ರೇಲಿಯದ ಡಾರ್ವಿನ್ ಬಂದರಿನಲ್ಲಿ ಇಳಿಯಿತೆಂದು ಅಲ್ಲಿಯವರು ಹೇಳುವರು. ಅಮೆರಿಕದಲ್ಲಿಯಾದರೋ, ದನಗಳ ಜ್ವರವನ್ನು ಉಣ್ಣಿಯೇ ಹರಡುವುದೆಂದು ಸ್ಮಿತ್, ಕಿಲ್ಬೋರ್ನ್ ಎಂಬುವರು 1893ರಲ್ಲಿ ತೋರಿಸಿಕೊಟ್ಟ ಮೇಲೆ, ಸರ್ಕಾರವು 1906ರಲ್ಲಿ ಕಾರ್ಯವನ್ನಾರಂಭಿಸಿ 1943ರ ಹೊತ್ತಿಗೆ ಮೆಕ್ಸಿಕೊ ಗಡಿಯ ಪಟ್ಟಿಯೊಂದನ್ನು ಬಿಟ್ಟು ದೇಶದಿಂದಲೇ ಅದನ್ನು ಹೊರದೂಡಿತು. ಮನುಷ್ಯನು ಉಣ್ಣಿಯ ನಕ್ಷೆಯನ್ನು ಹಿಗ್ಗಿಸಲೂ ಬಲ್ಲ, ಕುಗ್ಗಿಸಲೂ ಬಲ್ಲ.

ನಮ್ಮಲ್ಲಿ ಈ ಮಾತಿಗೆ ಜಾತ್ರೆಯೇ ನಿದರ್ಶನ. ಸಂಕ್ರಾಂತಿಯ ಸುಮಾರಿಗೆ ಕೆಂಗಲ್ಲಿನ ಅಯ್ಯನಗುಡಿಯಲ್ಲಿ ಸೇರುವ ದನಗಳ ಜಾತ್ರೆಗೆ ದೂರದೂರದ ಹಳ್ಳಿಕಾರ್ ಎತ್ತುಗಳು ಬರುವುವು. ಅವು ಊರಿಗೆ ಹಿಂದಿರುಗುವಾಗ ಬಂದ ಉಣ್ಣಿಯನ್ನೇ ಹೊತ್ತುಕೊಂಡು ಹೋಗುವುವೆಂದು ಹೇಳುವಂತಿಲ್ಲ. ನಾಟಿ ದನಗಳು ಉಣ್ಣಿಯನ್ನು ಬಹುಮಟ್ಟಿಗೆ ತಡೆದುಕೊಳ್ಳುವುವು. ಹಾಲಿಗೆಂದು ಸಾಕಿದ ಮಿಶ್ರತಳಿಯ ಹಸುಗಳಿಗೆ ಆ ಶಕ್ತಿ ಕಡಿಮೆ. ಕೊಟ್ಟಿಗೆಯ ಉಣ್ಣಿ ತರುವ ಥೈಲೇರಿಯಾ ಜ್ವರವಾಗಲಿ, ಗೋಮಾಳದ ಉಣ್ಣಿ ತರುವ ರಕ್ತಮೂತ್ರವಾಗಲಿ ತಗುಲಿದರೆ, ಸಾಲ ಮಾಡಿ ತಂದ ಹಸು ಕೆಲವು ದಿನಗಳಲ್ಲಿಯೇ ಕಣ್ಣೆದುರಿಗೆ ಬಿದ್ದುಹೋಗುವುದುಂಟು.

ಹಾಗಾದರೆ ಔಷಧವನ್ನು ಬೇಕಾದಷ್ಟು ಸಿಂಪಡಿಸಿದರಾಯಿತಲ್ಲವೇ ಎಂದರೆ, ಈ ಸೀಮೆಯಲ್ಲಿ ಅದಕ್ಕೊಂದು ತೊಡಕುಂಟು. ಇಲ್ಲಿ ಹಸುವೂ ರೇಷ್ಮೆಹುಳುವೂ ಎಷ್ಟೋ ಮನೆಗಳಲ್ಲಿ ಒಂದೇ ಸೂರಿನ ಒಕ್ಕಲು. ಹಸುವಿನ ಮೈಗೆ ಹಚ್ಚುವ ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಮೊದಲಾದ ಔಷಧಗಳ ಒಂದು ಹನಿ ಸೊಪ್ಪಿಗೆ ಸೋಕಿದರೂ ತಟ್ಟೆಯ ಹುಳುಗಳು ಸಾಯುವುವು. ಅಳತೆಯಿಲ್ಲದೆ ಬಳಸಿದರೆ ಉಣ್ಣಿಗೂ ಆ ಔಷಧ ರೂಢಿಯಾಗಿ ನಾಟದೆ ಹೋಗುವುದು. ಆದುದರಿಂದ ನೆಲೆಯನ್ನು ಅರಿತು ಕೈಹಾಕುವುದೇ ಲೇಸು. ಕೊಟ್ಟಿಗೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚುವುದು. ಜಾತ್ರೆಯಿಂದ ತಂದ ದನವನ್ನು ಮೂರು ವಾರ ಬೇರೆ ಕಟ್ಟಿ ಉಣ್ಣಿಯನ್ನು ಕೀಳುವುದು. ಗೋಮಾಳದ ಒಂದು ಭಾಗವನ್ನು ಸರದಿಯಂತೆ ಕೆಲವು ತಿಂಗಳು ಬಿಟ್ಟು ಮೇಯಿಸುವುದು. ಔಷಧ ಬೇಕಾದಾಗ ಪಶುವೈದ್ಯರನ್ನು ಕೇಳಿ, ಹುಳುಮನೆಗೆ ದೂರದಲ್ಲಿ ಬಳಸಿ, ಕೈ ತೊಳೆದು ಬಟ್ಟೆ ಬದಲಿಸಿ ಸೊಪ್ಪನ್ನು ಮುಟ್ಟುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚು ಅಲ್ಪ.

ಮಳೆಯನ್ನು ನಾವು ತರಿಸಲಾರೆವು, ಕಡವೆಯನ್ನು ತಡೆಯಲಾರೆವು. ಬಿರುಕನ್ನು ಮುಚ್ಚುವ, ಹೊಸ ದನವನ್ನು ಬೇರೆ ಕಟ್ಟುವ ಕೆಲಸ ಮಾತ್ರ ಯಾವ ಒಕ್ಕಲಿಗನಿಗೂ ಅಸಾಧ್ಯವಲ್ಲ. ಅದಕ್ಕೆ ಬೇಕಾದ ತಿಳಿವಳಿಕೆಯನ್ನೂ ನೆರವನ್ನೂ ಅವನಿಗೆ ಮುಟ್ಟಿಸುವುದು, ಅವನ ಹಾಲನ್ನು ಕುಡಿಯುವ, ಅವನ ರೇಷ್ಮೆಯನ್ನು ಉಡುವ ಪಟ್ಟಣಿಗರ ಹೊಣೆಯೂ ಹೌದು.