ಕುರಿ ಗಾಡಿಗೆ ಕಬ್ಬಿಣವೋ, ಅಲ್ಯುಮಿನಿಯಮ್ಮೋ?

ಜತ್ತ: ಒಳ್ಳೆಯ ಮಾಡಗ್ಯಾಳ ಟಗರಿನ ಬೆಲೆ ಕೇಳಿದರೆ ಹೊರಗಿನವರು ಹುಬ್ಬೇರಿಸುತ್ತಾರೆ. ಬಿಳಿ ಮೈಮೇಲೆ ಕಂದು ಮಚ್ಚೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು. ಈ ಕುರಿ ಜತ್ತ ತಾಲೂಕಿನ ಹೆಮ್ಮೆ. ಆದರೆ ಅಷ್ಟು ರೊಕ್ಕದ ಟಗರನ್ನು ಸಂತೆಗೆ ಒಯ್ಯುವ ಗಾಡಿ ನೋಡಿದರೆ ಕೆಡುಕೆನಿಸುತ್ತದೆ. ತುಕ್ಕು ತಿಂದು ಹರಿದ ತಗಡು, ಸವೆದು ನುಣುಪಾದ ನೆಲ, ಅದರ ಮೇಲೆ ಉಚ್ಚೆ. ಡ್ರೈವರ್ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದರೆ ಒಂದರ ಮೇಲೊಂದು ಬೀಳುತ್ತವೆ. ಕಾಲು ಮುರಿದ ಬೀಜದ ಟಗರಿಗೆ ಆಮೇಲೆ ಕಟುಕರ ದರವೇ ಗತಿ.

ಹಳೆಯ ಬಾಡಿ ಬಿಚ್ಚಿ ಹೊಸದು ಕಟ್ಟಿಸುವವರು ಈಗ ಕೇಳುವ ಪ್ರಶ್ನೆ ಒಂದೇ: ಕಬ್ಬಿಣ ಹಾಕಸೂಣೋ, ಅಲ್ಯುಮಿನಿಯಂ ಹಾಕಸೂಣೋ? ಅಲ್ಯುಮಿನಿಯಂ ಹಗುರ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಎರಡೂ ನಿಜ. ಆದರೆ ಹಗುರ ಎಂದು ಅದಕ್ಕೆ ಹೆಚ್ಚು ರೊಕ್ಕ ಸುರಿಯುವ ಮೊದಲು ಸ್ವಲ್ಪ ಲೆಕ್ಕ ಹಾಕಬೇಕು.

ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ ನೆಲವೆಂದರೆ ಸುಮಾರು 4.6 ಚದರ ಮೀಟರ್. ಇದಕ್ಕೆ 3 ಮಿ.ಮೀ. ಕಬ್ಬಿಣದ ತಗಡು ಹಾಕಿದರೆ ತೂಕ 108 ಕೆ.ಜಿ. ಅಲ್ಯುಮಿನಿಯಂ ತೂಕ ಕಬ್ಬಿಣದ ಮೂರನೇ ಒಂದು ಭಾಗವಾದರೂ ಅದು ಬೇಗ ಬಾಗುತ್ತದೆ, ಹಾಗಾಗಿ 4 ಮಿ.ಮೀ. ದಪ್ಪ ಬೇಕು. ಆಗ 50 ಕೆ.ಜಿ. ಅಂದರೆ ಉಳಿತಾಯ ಹೆಚ್ಚೆಂದರೆ ಒಂದೂವರೆ ಕುರಿಯ ತೂಕ.

ಹಾಗಾದರೆ ಇನ್ನೊಂದು ಕುರಿ ಹೆಚ್ಚಿಗೆ ಹೇರಬಹುದಲ್ಲ ಅನ್ನಬಹುದು. ಬರುವುದಿಲ್ಲ. 2016ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಒಂದು ಕುರಿಗೆ ಅಥವಾ ಆಡಿಗೆ ಕನಿಷ್ಠ 0.3 ಚದರ ಮೀಟರ್ ಜಾಗ ಬೇಕು, ಆಕಳು–ಎಮ್ಮೆಗೆ 2 ಚದರ ಮೀಟರ್. ಈ ಗಾಡಿಯಲ್ಲಿ ಹಿಡಿಸುವುದು ಹದಿನೈದೇ ಕುರಿ. ತಲೆಗೆ 40 ಕೆ.ಜಿ. ಹಿಡಿದರೂ 600 ಕೆ.ಜಿ. ಪಿಕಪ್ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ಕುರಿ ಗಾಡಿಯಲ್ಲಿ ಮೊದಲು ಮುಗಿಯುವುದು ಜಾಗ, ತೂಕವಲ್ಲ. ಹಗುರ ತಗಡಿನಿಂದ ಸ್ವಲ್ಪ ಡೀಸೆಲ್ ಉಳಿದೀತು, ಅಷ್ಟೇ. ವಾರಕ್ಕೊಮ್ಮೆ ಸಂತೆಗೆ ಹೋಗುವವನಿಗೆ ಅದು ದೊಡ್ಡ ಮಾತೇನಲ್ಲ. ದಿನಾ ಬಾಡಿಗೆ ಹೊಡೆಯುವವನು ಮಾತ್ರ ಯೋಚಿಸಬೇಕು.

ಇನ್ನು ತುಕ್ಕು. ಕಬ್ಬಿಣ ಮೊದಲು ಕೊಳೆಯುವುದು ಕಣ್ಣಿಗೆ ಕಾಣುವ ಕಡೆ ಅಲ್ಲ. ನೆಲದ ತಗಡಿನ ಕೆಳಗಿನ ಅಡ್ಡಪಟ್ಟಿ, ಬೆಸುಗೆಯ ಸಂದು, ಉಚ್ಚೆ ನಿಲ್ಲುವ ಮೂಲೆ. ಹಿಂದಕ್ಕೆ ತುಸು ಇಳಿಜಾರು ಕೊಟ್ಟು, ನೀರು ಹರಿಯಲು ತೂತು ಬಿಟ್ಟು, ಅಡಿಭಾಗಕ್ಕೂ ರೆಡ್ ಆಕ್ಸೈಡ್ ಬಳಿಸಿ, ಪ್ರತಿ ಸಲ ತೊಳೆದರೆ ಕಬ್ಬಿಣ ವರ್ಷಗಟ್ಟಲೆ ತಡೆಯುತ್ತದೆ. ಹರಿದರೂ ಊರಿನ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಪಟ್ಟಿ ಹಚ್ಚಿಸಬಹುದು. ಅಲ್ಯುಮಿನಿಯಂ ಬೆಸುಗೆಗೆ ಆರ್ಗಾನ್ ಗ್ಯಾಸಿನ ಮಷಿನ್ನು, ಪಳಗಿದ ಕೈ ಬೇಕು. ಅದು ಎಲ್ಲ ಊರಲ್ಲಿ ಎಲ್ಲಿಂದ ಬರಬೇಕು?

ಅಲ್ಯುಮಿನಿಯಂ ಏನೂ ಆಗದ ಲೋಹವೆಂದು ಭ್ರಮಿಸುವುದೂ ಬೇಡ. ನಮ್ಮಲ್ಲಿ ಹಟ್ಟಿಗೆ, ಗಾಡಿಗೆ ಸುಣ್ಣದ ಪುಡಿ ಎರಚುವ ರೂಢಿ ಇದೆ. ಕಾಲುಬಾಯಿ ಬ್ಯಾನಿ ಬಂದಾಗ ಶೇ. 4ರ ವಾಷಿಂಗ್ ಸೋಡಾ ನೀರಿನಿಂದ ತೊಳೆಯುತ್ತಾರೆ. ಎರಡೂ ಕ್ಷಾರ, ಅಲ್ಯುಮಿನಿಯಂ ಅನ್ನು ತಿನ್ನುತ್ತವೆ. ತೊಳೆದ ಮೇಲೆ ತಡಮಾಡದೆ ಸಾದಾ ನೀರು ಹೊಡೆಯಬೇಕು. ಕಬ್ಬಿಣದ ಬೋಲ್ಟು ನೇರವಾಗಿ ತಾಗಿ, ಅಲ್ಲಿ ಉಚ್ಚೆ ನಿಂತರೆ ಅದರ ಸುತ್ತಲೂ ಅಲ್ಯುಮಿನಿಯಂ ಪುಡಿಪುಡಿಯಾಗುತ್ತದೆ. ನಡುವೆ ರಬ್ಬರ್ ವಾಷರ್ ಹಾಕಿಸಿರಿ. ಒಂದು ಸಮಾಧಾನವೆಂದರೆ ಗುಜರಿಗೆ ಹಾಕುವಾಗ ಅಲ್ಯುಮಿನಿಯಮ್ಮಿಗೆ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ದರ ಸಿಗುತ್ತದೆ.

ಕುರಿಗೆ ಮಾತ್ರ ಲೋಹ ಯಾವುದಾದರೇನು, ಕಾಲು ನಿಲ್ಲಬೇಕು, ಗಾಳಿ ಆಡಬೇಕು. ಬೇಸಿಗೆಯ ಮಧ್ಯಾಹ್ನ ಎರಡೂ ತಗಡು ಕಾಯುತ್ತವೆ. ಆದ್ದರಿಂದ ಚೌಕಟ್ಟು ಕಬ್ಬಿಣದ್ದೇ ಇರಲಿ. ಅಲ್ಯುಮಿನಿಯಮ್ಮಿಗೆಂದು ತೆಗೆದಿಟ್ಟ ರೊಕ್ಕದಲ್ಲಿ ನೆಲಕ್ಕೆ ದಪ್ಪ ರಬ್ಬರ್ ಮ್ಯಾಟು, ಪಕ್ಕಕ್ಕೆ ಗಾಳಿ ಆಡುವ ಜಾಲರಿ, ಮೇಲೆ ಬಿಳಿ ತಾಡಪಾಲು, ನಡುವೆ ಅಡ್ಡಗಟ್ಟು ಹಾಕಿಸುವುದು ಲೇಸು. ಅಡ್ಡಗಟ್ಟು ಹೇಗೂ ಅದೇ ನಿಯಮದಂತೆ ಕಡ್ಡಾಯ. ಟಗರುಗಳು ಒಂದನ್ನೊಂದು ಹಾಯುವುದೂ ತಪ್ಪುತ್ತದೆ.

ಕೆಲವರು ಮೇಲೊಂದು ಅಟ್ಟ ಕಟ್ಟಿ ಎರಡು ಅಂತಸ್ತು ಮಾಡುತ್ತಾರೆ. ಅಲ್ಲಿ ಲೆಕ್ಕವೇ ಬೇರೆ. ತೂಕ ಮೇಲೆ ಹೋದಷ್ಟು ತಿರುವಿನಲ್ಲಿ ಗಾಡಿ ವಾಲುತ್ತದೆ, ಅಲ್ಯುಮಿನಿಯಂ ಉಪಯೋಗಕ್ಕೆ ಬರುವುದು ಅಂಥ ಕಡೆಯೇ. ಆದರೂ ಮೇಲಿನ ಕುರಿಯ ಉಚ್ಚೆ ಕೆಳಗಿನ ಕುರಿಯ ಕಣ್ಣಿಗೆ ಬೀಳುವ ಆ ಏರ್ಪಾಡು ನಮಗೆ ಒಪ್ಪಿಗೆಯಿಲ್ಲ. ಬಾಡಿ ಯಾವ ಲೋಹದ್ದೇ ಇರಲಿ, ಬದಲಾಯಿಸುವ ಮೊದಲು ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿ ಪುಸ್ತಕದಲ್ಲಿ ಬರೆಸಿಕೊಳ್ಳಿರಿ. ಗಡಿ ದಾಟಿ ವಿಜಯಪುರ, ಅಥಣಿ ಕಡೆ ಹೋಗುವವರು ಪಶುವೈದ್ಯರ ಆರೋಗ್ಯ ಪತ್ರವನ್ನೂ ಜೇಬಿನಲ್ಲಿ ಇಟ್ಟುಕೊಂಡಿರಬೇಕು.